ಆಫೀಸಿನ ಶೀಟ್ ಯಾರು ತಿದ್ದಬೇಕು, ಯಾರು ಬರೀ ನೋಡಬೇಕು: ಬೀಗ ಹಾಕುವ ಸರಿಯಾದ ಕ್ರಮ

"ಸಾರ್, ಲಾಕ್ ಮಾಡಿದ್ವಿ. ಆದ್ರೂ ಯಾರೋ ರೇಟ್ ಬದಲಾಯಿಸಿದ್ದಾರೆ."

ಸಣ್ಣ ಆಫೀಸುಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಈ ಮಾತು ಪದೇ ಪದೇ ಕೇಳಿಸುತ್ತದೆ. ಹೋಗಿ ನೋಡಿದರೆ ಬೀಗ ಹಾಕಿರುವುದು ನಿಜ. ಆದರೆ 400ನೇ ಸಾಲಿನವರೆಗೆ ಮಾತ್ರ. ಆಮೇಲೆ ಸೇರಿಸಿದ ಮಾಲಿನ ಸಾಲುಗಳೆಲ್ಲ ಬಯಲಲ್ಲಿವೆ. ಫೈಲಿನ ಲಿಂಕ್ ವಾಟ್ಸಾಪ್ ಗುಂಪಿನಲ್ಲಿದೆ, ಲಿಂಕ್ ಸಿಕ್ಕವರೆಲ್ಲ ತಿದ್ದಬಹುದು. ಫೈಲಿನ ಮಾಲೀಕ ಯಾರು ಅಂದರೆ, ಹೋದ ವರ್ಷ ಕೆಲಸ ಬಿಟ್ಟ ಹುಡುಗ.

ಎಡವುವುದು ಬಟನ್ ಒತ್ತುವುದರಲ್ಲಿ ಅಲ್ಲ, ಕ್ರಮದಲ್ಲಿ. ಎಲ್ಲರೂ ಮೊದಲು ಸೆಲ್‌ಗೆ ಬೀಗ ಹಾಕುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಮಾಲೀಕ, ಫೈಲ್ ಒಡೆಯುವುದು, ಫೋಲ್ಡರ್, ಲಿಂಕ್, ಹೆಸರುಗಳು, ಅದಾದ ಮೇಲೆ ಸೆಲ್. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ನಾನು ಇಲ್ಲಿ ಹೇಳುತ್ತಿರುವುದು ಗೂಗಲ್ ಶೀಟ್ಸ್ ಮತ್ತು ಡಾಕ್ಸ್ ಬಗ್ಗೆ. ನಾನು ನೋಡುವ ಆಫೀಸುಗಳಲ್ಲಿ ಜಾಸ್ತಿ ನಡೆಯುವುದು ಅದೇ. ಎಕ್ಸೆಲ್ ಬಳಸುವವರಿಗೆ ಕೊನೆಯ ಕಡೆ ಸ್ವಲ್ಪ ಹೇಳಿದ್ದೇನೆ. ಉದಾಹರಣೆಗೆ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಆಫೀಸ್ ಇಟ್ಟುಕೊಳ್ಳೋಣ. ಯಜಮಾನರು, ಅಕೌಂಟೆಂಟ್, ಬಿಲ್ಲಿಂಗ್‌ಗೆ ಇಬ್ಬರು, ಗೋಡೌನ್ ನೋಡುವವರು ಒಬ್ಬರು, ಊರೂರು ತಿರುಗುವ ಸೇಲ್ಸ್ ಹುಡುಗರು ನಾಲ್ವರು. ರೇಟ್ ಪಟ್ಟಿ, ಸ್ಟಾಕ್, ಹಾಜರಿ, ಸಂಬಳ, ಎಲ್ಲ ಒಂದೇ ಫೈಲಿನಲ್ಲಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಕಂಪ್ಯೂಟರ್ ಬೇಕು. ಮೊಬೈಲ್ ಆ್ಯಪ್‌ನಲ್ಲಿ ಈ ಕೆಲಸ ಬೇಡ, ಬೇಕಾದ ಮೆನುಗಳೆಲ್ಲ ಅಲ್ಲಿ ಸಿಗುವುದಿಲ್ಲ. ಫೈಲಿನ ಮಾಲೀಕ ಖಾತೆಯ ಪಾಸ್‌ವರ್ಡ್ ಬೇಕು. ಕೊನೆಗೆ ಪರೀಕ್ಷೆ ಮಾಡಲು ಇನ್ನೊಂದು ಜಿಮೇಲ್ ಖಾತೆ ಬೇಕು, ಮನೆಯವರದ್ದಾದರೂ ಸರಿ.

ಎಲ್ಲಕ್ಕಿಂತ ಮುಖ್ಯ, ಪ್ರತಿಯೊಬ್ಬರ ಸರಿಯಾದ ಮೇಲ್ ಐಡಿ. "ನನ್ನ ಐಡಿ ಇದೇ ಸಾರ್" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಅವರ ಫೋನ್ ತೆಗೆಸಿ, ಡ್ರೈವ್ ಆ್ಯಪ್ ತೆರೆಸಿ, ಮೇಲಿನ ಮೂಲೆಯ ಚಿತ್ರ ಒತ್ತಿಸಿ, ಅಲ್ಲಿ ಕಾಣುವ ಐಡಿ ಬರೆದುಕೊಳ್ಳಿ. ಒಂದೇ ಫೋನಿನಲ್ಲಿ ಎರಡು ಮೂರು ಜಿಮೇಲ್ ಇರುತ್ತವೆ. ನೀವು ಒಂದಕ್ಕೆ ಅನುಮತಿ ಕೊಡುತ್ತೀರಿ, ಅವರು ಇನ್ನೊಂದರಿಂದ ತೆರೆಯುತ್ತಾರೆ. "ಓಪನ್ ಆಗ್ತಿಲ್ಲ" ಎಂದು ಫೋನ್ ಬರುತ್ತದೆ. ನೀವು ಬೇಸತ್ತು ಲಿಂಕ್ ಎಲ್ಲರಿಗೂ ತೆರೆದುಬಿಡುತ್ತೀರಿ. ನಾನು ನೋಡಿದ ತೆರೆದ ಲಿಂಕ್‌ಗಳಲ್ಲಿ ಹೆಚ್ಚಿನವು ಹೀಗೆ ಹುಟ್ಟಿದವು. ಐದು ನಿಮಿಷ ಖರ್ಚು ಮಾಡಿ ಐಡಿ ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಸಂಜೆ ಬಿಲ್ಲಿಂಗ್ ಮುಗಿದ ಮೇಲೆ ಕೂರಿ. ಜನ ಕೆಲಸ ಮಾಡುತ್ತಿರುವಾಗ ಅನುಮತಿ ಬದಲಾಯಿಸಿದರೆ ಗಲಾಟೆ ಖಂಡಿತ.

## ಹಂತ 1: ಫೈಲಿನ ಮಾಲೀಕ ಯಾರು ಅಂತ ನೋಡಿ

ಶೇರ್ ಬಟನ್ ಒತ್ತಿ. ಪಟ್ಟಿಯಲ್ಲಿ ಒಬ್ಬರ ಮುಂದೆ "ಓನರ್" ಎಂದಿರುತ್ತದೆ. ಅದು ಯಾರ ಸ್ವಂತ ಖಾತೆ? ಆಫೀಸಿನದ್ದೇ ಅಥವಾ ನೌಕರರದ್ದೇ?

ಮಾಲೀಕ ಖಾತೆಗೆ ಎಲ್ಲ ಅಧಿಕಾರವೂ ಇದೆ. ನೀವು ಎಷ್ಟೇ ಬೀಗ ಹಾಕಿದರೂ ಮಾಲೀಕರನ್ನು ತಡೆಯಲು ಆಗುವುದಿಲ್ಲ. ಅವರು ಫೈಲನ್ನು ಕಸದ ಬುಟ್ಟಿಗೆ ಹಾಕಿದರೆ 30 ದಿನಕ್ಕೆ ಅದು ಪೂರ್ತಿ ಅಳಿಸಿಹೋಗುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಗೂಗಲ್ ಖಾತೆಯನ್ನು ಅದರೊಳಗಿನ ಫೈಲುಗಳ ಸಮೇತ ಅಳಿಸುವ ಹಕ್ಕು ಗೂಗಲ್‌ಗೆ ಇದೆ. ಬಿಟ್ಟುಹೋದ ಹುಡುಗ ಹಳೆಯ ಐಡಿ ಮರೆತುಬಿಟ್ಟರೆ ನಿಮ್ಮ ಸ್ಟಾಕ್ ಲೆಕ್ಕವೂ ಅದರ ಜೊತೆಗೇ ಹೋಗಬಹುದು.

ಆಫೀಸಿನ ಹೆಸರಲ್ಲಿ ಒಂದು ಖಾತೆ ಮಾಡಿ. ಅದಕ್ಕೆ ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಹಾಕಿ, ಪಾಸ್‌ವರ್ಡ್ ಯಜಮಾನರ ಬಳಿ ಇರಲಿ. ಈಗಿನ ಮಾಲೀಕರು ಶೇರ್ ಪೆಟ್ಟಿಗೆಯಲ್ಲಿ ಆ ಖಾತೆಯ ಮುಂದಿನ ಬಾಣ ಒತ್ತಿ "ಟ್ರಾನ್ಸ್‌ಫರ್ ಓನರ್‌ಶಿಪ್" ಆರಿಸಬೇಕು.

ಇಲ್ಲಿ ಆಗುವ ತಪ್ಪು: ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳುವುದು. ಸ್ವಂತ ಜಿಮೇಲ್ ಖಾತೆಗಳ ನಡುವೆ ಹೊಸ ಮಾಲೀಕರು ಮೇಲ್ ತೆರೆದು ಒಪ್ಪಿಕೊಳ್ಳಬೇಕು. ಒಪ್ಪುವವರೆಗೆ ಹಳಬರೇ ಮಾಲೀಕರು. ಒಪ್ಪಿದ ಮೇಲೂ ಹಳೆಯ ಮಾಲೀಕರು ಎಡಿಟರ್ (ತಿದ್ದುವ ಹಕ್ಕಿರುವವರು) ಆಗಿ ಉಳಿಯುತ್ತಾರೆ, ತಾವಾಗಿ ಹೊರಗೆ ಹೋಗುವುದಿಲ್ಲ. ಸ್ವಂತ ಜಿಮೇಲ್‌ನಿಂದ ಕಂಪನಿ ಹಣ ಕೊಟ್ಟು ಪಡೆದ ಗೂಗಲ್ ಖಾತೆಗೆ (ವರ್ಕ್‌ಸ್ಪೇಸ್) ಮಾಲೀಕತ್ವ ನೇರವಾಗಿ ದಾಟುವುದೂ ಇಲ್ಲ. ಅಂಥ ಕಡೆ ಕಂಪನಿ ಖಾತೆಯಿಂದ ಫೈಲಿನ ನಕಲು ಮಾಡಿಕೊಂಡು, ಇನ್ನು ಮುಂದೆ ನಕಲನ್ನೇ ಬಳಸುವುದು ದಾರಿ.

ಕಂಪನಿಗೆ ಗೂಗಲ್ ವರ್ಕ್‌ಸ್ಪೇಸ್‌ನ ಬಿಸಿನೆಸ್ ಸ್ಟ್ಯಾಂಡರ್ಡ್ ಅಥವಾ ಅದಕ್ಕಿಂತ ಮೇಲಿನ ಪ್ಲಾನ್ ಇದ್ದರೆ "ಶೇರ್ಡ್ ಡ್ರೈವ್" ಸಿಗುತ್ತದೆ. ಅಲ್ಲಿ ಫೈಲ್ ಯಾವ ವ್ಯಕ್ತಿಯದ್ದೂ ಅಲ್ಲ, ಡ್ರೈವ್‌ನದ್ದು. ಯಾರು ಬಿಟ್ಟುಹೋದರೂ ಫೈಲ್ ಅಲ್ಲೇ ಇರುತ್ತದೆ. ಅಲ್ಲಿ "ಕಾಂಟ್ರಿಬ್ಯೂಟರ್" ಎಂಬ ಪಾತ್ರ ತುಂಬ ಉಪಯೋಗಿ. ಅವರು ಫೈಲ್ ತಿದ್ದಬಹುದು, ಆದರೆ ಬೇರೆಡೆಗೆ ಸರಿಸಲು, ಅಳಿಸಲು ಆಗುವುದಿಲ್ಲ.

## ಹಂತ 2: ಒಂದೇ ಫೈಲನ್ನು ಒಡೆಯಿರಿ

ಇದು ಜನ ಹಾರಿಬಿಡುವ ಹಂತ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಹಂತವೂ ಇದೇ.

ಶೀಟ್ಸ್‌ನಲ್ಲಿ ನೋಡುವ ಹಕ್ಕು ಇಡೀ ಫೈಲಿಗೆ ಸೇರಿದ್ದು. "ಇವರಿಗೆ ಈ ಟ್ಯಾಬ್ ಕಾಣಬೇಕು, ಅದು ಕಾಣಬಾರದು" ಎಂದು ಒಂದೇ ಫೈಲಿನೊಳಗೆ ಮಾಡಲು ಆಗುವುದಿಲ್ಲ. ಟ್ಯಾಬ್ ಮೇಲೆ ಬಲಬಟನ್ ಒತ್ತಿ "ಹೈಡ್" ಮಾಡಿದರೆ ಸಂಬಳದ ಪಟ್ಟಿ ಬಚ್ಚಿಟ್ಟ ಹಾಗೆ ಅಂತ ಎಷ್ಟೋ ಜನ ನಂಬಿದ್ದಾರೆ. ಎಡಿಟರ್ ಆದವರು ಎರಡು ಕ್ಲಿಕ್‌ನಲ್ಲಿ ಅದನ್ನು ಹೊರತೆಗೆಯಬಹುದು. ಬರೀ ನೋಡುವವರೂ ಫೈಲಿನ ನಕಲು ಮಾಡಿಕೊಂಡರೆ ಆ ನಕಲಿನಲ್ಲಿ ತೆಗೆಯಬಹುದು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಎಡಗಡೆ ಟ್ಯಾಬ್‌ಗಳ ಹೆಸರು, ಮೇಲೆ ಜನರ ಹೆಸರು. ಪ್ರತಿ ಮನೆಯಲ್ಲಿ "ತಿದ್ದಬೇಕು", "ನೋಡಬೇಕು", "ಕಾಣಬಾರದು" ಈ ಮೂರರಲ್ಲಿ ಒಂದು. ಯಾವ ಟ್ಯಾಬ್‌ನಲ್ಲಿ ಒಬ್ಬರಿಗಾದರೂ "ಕಾಣಬಾರದು" ಬಂತೋ ಅದು ಬೇರೆ ಫೈಲ್ ಆಗಬೇಕು. ನಮ್ಮ ಹಾರ್ಡ್‌ವೇರ್ ಆಫೀಸಿನಲ್ಲಿ ಸಂಬಳ ಬೇರೆ ಫೈಲ್. ಖರೀದಿ ದರ ಬೇರೆ ಫೈಲ್, ಸೇಲ್ಸ್ ಹುಡುಗರಿಗೆ ಅದು ತಿಳಿಯಬೇಕಿಲ್ಲ. ಮಾರಾಟದ ರೇಟ್ ಮತ್ತು ಸ್ಟಾಕ್ ಒಟ್ಟಿಗೆ ಇರಬಹುದು. ಆಧಾರ್, ಬ್ಯಾಂಕ್ ಖಾತೆ ನಂಬರ್ ಇದ್ದರೆ ಅವು ಸಂಬಳದ ಫೈಲಿಗೆ ಹೋಗಲಿ, ಹಾಜರಿ ಪಟ್ಟಿಯ ಕೊನೆಯ ಕಾಲಂನಲ್ಲಿ ನೇತಾಡುವುದು ಬೇಡ.

ಟ್ಯಾಬ್ ಬೇರೆ ಮಾಡಲು ಅದರ ಮೇಲೆ ಬಲಬಟನ್ ಒತ್ತಿ "ಕಾಪಿ ಟು", ಆಮೇಲೆ "ನ್ಯೂ ಸ್ಪ್ರೆಡ್‌ಶೀಟ್". ಹೊಸ ಫೈಲ್ ಸರಿಯಿದೆ ಎಂದು ನೋಡಿಕೊಂಡ ಮೇಲೆ ಹಳೆಯ ಟ್ಯಾಬ್ ಅಳಿಸಿ. ಬರೀ ಟ್ಯಾಬ್ ಅಳಿಸಿದರೆ ಸಾಲದು. ಎಡಿಟರ್ ಆದವರು ವರ್ಷನ್ ಹಿಸ್ಟರಿ (ಫೈಲಿನ ಹಳೆಯ ರೂಪಗಳ ಪಟ್ಟಿ) ತೆರೆದು ನಿನ್ನೆಯ ಫೈಲಿನಲ್ಲಿ ಸಂಬಳ ಓದಬಹುದು. ಅದಕ್ಕೇ ಗುಟ್ಟಿನ ಟ್ಯಾಬ್ ಇದ್ದ ಹಳೆಯ ಫೈಲನ್ನೇ ಮಾಲೀಕರ ಬಳಿ ಇಟ್ಟುಕೊಂಡು, ಉಳಿದವರಿಗೆ ಹೊಸ ಫೈಲ್ ಕೊಡುವುದು ಒಳ್ಳೆಯದು.

ಒಂದು ಫೈಲಿನ ಅಂಕಿ ಇನ್ನೊಂದರಲ್ಲಿ ತಾನಾಗಿ ಬರಬೇಕಾದರೆ ಇಂಪೋರ್ಟ್‌ರೇಂಜ್ ಸೂತ್ರ ಇದೆ. ಆದರೆ ಎಚ್ಚರ. ಒಮ್ಮೆ "ಅಲೋ ಆ್ಯಕ್ಸೆಸ್" ಒತ್ತಿದ ಮೇಲೆ, ಅಂಕಿ ಬಂದು ಬೀಳುವ ಫೈಲಿನ ಎಡಿಟರ್‌ಗಳು ಸೂತ್ರ ಬದಲಿಸಿ ಮೂಲ ಫೈಲಿನ ಬೇರೆ ಭಾಗಗಳನ್ನೂ ಎಳೆದುಕೊಳ್ಳಬಹುದು. ಅಂಥ ಫೈಲಿನಲ್ಲಿ ಹುಡುಗರಿಗೆ ನೋಡುವ ಹಕ್ಕು ಮಾತ್ರ ಕೊಡಿ.

ದಿನಾ ಬರೀ ಒಂದು ಸಾಲು ತುಂಬುವವರಿಗೆ ಫೈಲ್ ಯಾಕೆ ಬೇಕು? ಹಾಜರಿ, ಪೆಟ್ರೋಲ್ ಖರ್ಚು, ರಜೆ ಅರ್ಜಿ, ಇವಕ್ಕೆ ಗೂಗಲ್ ಫಾರ್ಮ್ ಮಾಡಿ. ಹುಡುಗರು ಫಾರ್ಮ್ ತುಂಬುತ್ತಾರೆ, ಅದು ಶೀಟ್‌ನಲ್ಲಿ ಹೋಗಿ ಕೂರುತ್ತದೆ. ಶೀಟ್ ಅವರಿಗೆ ಕಾಣುವುದೇ ಇಲ್ಲ. ಒಂದು ಕಡೆ ಇಷ್ಟು ಮಾಡಿದ್ದಕ್ಕೇ ಒಂಬತ್ತು ಎಡಿಟರ್‌ಗಳಿದ್ದ ಫೈಲ್ ಮೂವರಿಗೆ ಇಳಿಯಿತು.

## ಹಂತ 3: ಫೋಲ್ಡರ್ ನೋಡಿ

ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನ ಎಲ್ಲ ಫೈಲುಗಳಿಗೂ ಇಳಿಯುತ್ತದೆ. ನಾಳೆ ಹಾಕುವ ಫೈಲಿಗೂ. "ಆಫೀಸ್ 2025" ಎಂಬ ಫೋಲ್ಡರ್ ಎಲ್ಲರಿಗೂ ಎಡಿಟರ್ ಆಗಿ ಶೇರ್ ಆಗಿದ್ದರೆ, ಅದರೊಳಗಿನ ಒಂದು ಫೈಲಿಗೆ ಬಿಗಿ ಮಾಡಲು ಹೆಣಗಬೇಡಿ. ಆ ಫೈಲನ್ನು ಹೊರಗೆ ತೆಗೆಯಿರಿ.

ಮೂರು ಫೋಲ್ಡರ್ ಸಾಕು. ಎಲ್ಲರೂ ನೋಡುವುದು, ಬಿಲ್ಲಿಂಗ್ ಮತ್ತು ಲೆಕ್ಕದವರು ತಿದ್ದುವುದು, ಮಾಲೀಕರದ್ದು. ಫೋಲ್ಡರ್ ಮಟ್ಟದಲ್ಲಿ ಕಡಿಮೆ ಕೊಡಿ, ಬೇಕಾದ ಫೈಲಿಗೆ ಮೇಲಿಂದ ಸೇರಿಸಿ. ಜಾಸ್ತಿ ಕೊಟ್ಟು ಆಮೇಲೆ ಕಳೆಯಲು ಹೋದರೆ ಕಷ್ಟ.

## ಹಂತ 4: ಲಿಂಕ್ ಮುಚ್ಚಿ

ಶೇರ್ ಪೆಟ್ಟಿಗೆಯ ಕೆಳಭಾಗದಲ್ಲಿ "ಜನರಲ್ ಆ್ಯಕ್ಸೆಸ್" ಎಂದಿದೆ. ಅಲ್ಲಿ "ಎನಿಒನ್ ವಿತ್ ದಿ ಲಿಂಕ್" ಇದ್ದರೆ ಲಿಂಕ್ ಸಿಕ್ಕ ಯಾರಾದರೂ ಒಳಗೆ ಬರಬಹುದು, ಗೂಗಲ್ ಖಾತೆಯೂ ಬೇಡ. ಅದನ್ನು "ರಿಸ್ಟ್ರಿಕ್ಟೆಡ್" ಮಾಡಿ. ಈಗ ಮೇಲಿನ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬಾಗಿಲು.

ಲಿಂಕ್ ಬದಲಾಗುವುದಿಲ್ಲ, ವಾಟ್ಸಾಪ್‌ನಲ್ಲಿ ಹಳೆಯ ಸಂದೇಶ ಅಳಿಸುತ್ತಾ ಕೂರಬೇಕಿಲ್ಲ. ಅದೇ ಲಿಂಕ್ ಒತ್ತಿದರೆ ಹೆಸರಿಲ್ಲದವರಿಗೆ ಅನುಮತಿ ಕೇಳುವ ಪುಟ ಬರುತ್ತದೆ, ಅಷ್ಟೇ.

ಮರುದಿನ ಬೆಳಿಗ್ಗೆ ನಿಮ್ಮ ಮೇಲ್‌ಗೆ ಅನುಮತಿ ಕೋರಿಕೆಗಳು ಸಾಲಾಗಿ ಬರುತ್ತವೆ. ಅವಸರದಲ್ಲಿ ಒಪ್ಪಿಗೆ ಒತ್ತುತ್ತಾ ಹೋದರೆ ಹಿಂದಿನ ಸಂಜೆಯ ಕೆಲಸ ನೀರಿನಲ್ಲಿ ಹೋಮ. ಐಡಿ ನೋಡಿ, ನಿಮ್ಮ ಪಟ್ಟಿಯಲ್ಲಿ ಇದೆಯೇ ನೋಡಿ, ಯಾವ ಪಾತ್ರ ಕೊಡುತ್ತಿದ್ದೀರಿ ನೋಡಿ. ಪಟ್ಟಿಯಲ್ಲಿ ಇಲ್ಲದ ಐಡಿ ಆದರೆ ಆ ವ್ಯಕ್ತಿಗೇ ಫೋನ್ ಮಾಡಿ ಕೇಳಿ. ಹೆಚ್ಚಿನ ಸಲ ಅದು ಅವರದ್ದೇ ಎರಡನೇ ಜಿಮೇಲ್ ಆಗಿರುತ್ತದೆ. ಎರಡಕ್ಕೂ ಕೊಡಬೇಡಿ, ಒಂದಕ್ಕೆ ಕೊಡಿ.

## ಹಂತ 5: ಹೆಸರು ಹೆಸರಾಗಿ ಪಾತ್ರ ಕೊಡಿ

ಪಾತ್ರಗಳು ಮೂರು. ವ್ಯೂವರ್ ನೋಡುತ್ತಾರೆ. ಕಾಮೆಂಟರ್ ನೋಡಿ ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾರೆ. ಎಡಿಟರ್ ತಿದ್ದುತ್ತಾರೆ.

ಡಾಕ್ಸ್‌ನಲ್ಲಿ ಕಾಮೆಂಟರ್‌ಗೆ ಇನ್ನೊಂದು ಅನುಕೂಲ ಇದೆ. ಅವರು ಬರೆದದ್ದು ಸಲಹೆಯಾಗಿ ಬಣ್ಣದಲ್ಲಿ ಕಾಣುತ್ತದೆ, ನೀವು ಒಪ್ಪಿದರೆ ಮಾತ್ರ ಸೇರುತ್ತದೆ. ಪತ್ರ, ಕೊಟೇಶನ್, ಒಪ್ಪಂದದ ಕರಡು ಇಂಥವಕ್ಕೆ ಎಲ್ಲರಿಗೂ ಕಾಮೆಂಟರ್ ಕೊಟ್ಟು ಒಬ್ಬರೇ ಎಡಿಟರ್ ಆಗಿರುವುದು ಚೆನ್ನ. ಶೀಟ್ಸ್‌ನಲ್ಲಿ ಈ ಸಲಹೆ ವ್ಯವಸ್ಥೆ ಇಲ್ಲ, ಬರೀ ಟಿಪ್ಪಣಿ.

ಕೆಲಸ ನೋಡಿ ಪಾತ್ರ ಕೊಡಿ, ಹುದ್ದೆ ನೋಡಿ ಅಲ್ಲ. ಇಲ್ಲೇ ಸಂಕೋಚ ಬರುವುದು. ಯಜಮಾನರಿಗೆ ವ್ಯೂವರ್ ಕೊಡೋದಾ? ಕೊಡಿ. ಫೋನಿನಲ್ಲಿ ರೇಟ್ ನೋಡಲು ಹೋಗಿ ಬೆರಳು ತಾಗಿ ಅಂಕಿ ಬದಲಾಯಿಸುವವರಲ್ಲಿ ಅವರೇ ಮುಂದು. ಮಾಲೀಕ ಖಾತೆ ಹೇಗೂ ಆಫೀಸಿನದ್ದು, ಅದರ ಪಾಸ್‌ವರ್ಡ್ ಅವರ ಬಳಿ ಇದೆ. ಅವರ ಸ್ವಂತ ಫೋನಿನ ಐಡಿಗೆ ವ್ಯೂವರ್ ಸಾಕು. ನಾನು ಹೇಳುವ ಮಾತು ಇಷ್ಟೇ: "ಸಾರ್, ನಿಮ್ಮನ್ನ ತಡೆಯೋಕಲ್ಲ. ಬೈಕ್ ಮೇಲೆ ಹೋಗ್ತಾ ಫೋನ್ ಒತ್ತಿ ಹೋದ್ರೆ ಸಿಮೆಂಟ್ ರೇಟ್ ಬದಲಾಗಬಾರದು ಅಂತ." ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆಡಿಟರ್‌ಗೆ ವ್ಯೂವರ್. ಸೇಲ್ಸ್ ಹುಡುಗರಿಗೆ ವ್ಯೂವರ್. ಗೋಡೌನ್‌ನವರಿಗೆ ಎಡಿಟರ್, ಆದರೆ ಸ್ಟಾಕ್ ಕಾಲಂ ಮಾತ್ರ (ಅದು ಏಳನೇ ಹಂತ). ಬಿಲ್ಲಿಂಗ್‌ನವರಿಗೆ ರೇಟ್ ನೋಡಬೇಕು, ತಿದ್ದಬೇಕಿಲ್ಲ, ಹಾಗಾಗಿ ವ್ಯೂವರ್. ಅಕೌಂಟೆಂಟ್ ಎಡಿಟರ್.

"ರೇಟ್ ಬದಲಾದರೆ ಯಾರು ತಿದ್ದಬೇಕು?" ಎಂಬ ಪ್ರಶ್ನೆಗೆ ಎರಡು ಹೆಸರು ಬಂದರೆ ತೊಂದರೆ ಇಲ್ಲ. ಐದು ಬಂದರೆ ಆ ಆಫೀಸಿನಲ್ಲಿ ರೇಟ್ ನಿರ್ಧರಿಸುವವರು ಯಾರು ಅಂತ ಮೊದಲು ಬಾಯಲ್ಲಿ ಇತ್ಯರ್ಥ ಆಗಬೇಕು. ಅದನ್ನು ಗೂಗಲ್ ಮಾಡಿಕೊಡುವುದಿಲ್ಲ.

## ಹಂತ 6: ಹಲ್ಲುಚಕ್ರದ ಗುರುತು

ಶೇರ್ ಪೆಟ್ಟಿಗೆಯ ಮೇಲಿನ ಬಲಮೂಲೆಯಲ್ಲಿ ಚಿಕ್ಕ ಹಲ್ಲುಚಕ್ರ ಇದೆ. ಒತ್ತಿದರೆ "ಎಡಿಟರ್ಸ್ ಕ್ಯಾನ್ ಚೇಂಜ್ ಪರ್ಮಿಶನ್ಸ್ ಅಂಡ್ ಶೇರ್" ಎಂಬ ಸಾಲು ಬರುತ್ತದೆ. ಸಾಮಾನ್ಯವಾಗಿ ಅದು ಟಿಕ್ ಆಗಿಯೇ ಇರುತ್ತದೆ. ಅಂದರೆ ನೀವು ಎಡಿಟರ್ ಮಾಡಿದವರು ಇನ್ನೊಬ್ಬರನ್ನು ಎಡಿಟರ್ ಮಾಡಬಹುದು, ಮುಚ್ಚಿದ ಲಿಂಕನ್ನು ಮತ್ತೆ ತೆರೆಯಬಹುದು. ಟಿಕ್ ತೆಗೆಯಿರಿ.

ಇನ್ನೊಂದು ಸಾಲು ನೋಡುವವರಿಗೆ ಡೌನ್‌ಲೋಡ್, ಪ್ರಿಂಟ್, ನಕಲು ಮಾಡುವ ಅವಕಾಶದ್ದು. ಖರೀದಿ ದರದ ಫೈಲಿಗೆ ಅದನ್ನೂ ತೆಗೆಯಿರಿ. ಸ್ಕ್ರೀನ್‌ಶಾಟ್ ತಡೆಯಲು ಆಗುವುದಿಲ್ಲ, ಅದು ಗೊತ್ತಿರಲಿ.

## ಹಂತ 7: ಈಗ ಸೆಲ್‌ಗೆ ಬೀಗ

ಹೆಚ್ಚಿನವರು ಶುರು ಮಾಡುವುದು ಇಲ್ಲಿಂದ. ನಾವು ಈಗ ಬಂದೆವು.

ಮೆನುವಿನಲ್ಲಿ "ಡೇಟಾ", ಅದರಲ್ಲಿ "ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್". ಬಲಗಡೆ ಒಂದು ಪಟ್ಟಿ ತೆರೆಯುತ್ತದೆ. "ಆಡ್ ಎ ಶೀಟ್ ಆರ್ ರೇಂಜ್" ಒತ್ತಿ. ಎರಡು ದಾರಿ ಕಾಣುತ್ತವೆ, ರೇಂಜ್ ಮತ್ತು ಶೀಟ್.

ರೇಂಜ್ ಆರಿಸಬೇಡಿ, ಶೀಟ್ ಆರಿಸಿ. ರೇಂಜ್‌ನಲ್ಲಿ ನೀವು ತೋರಿಸಿದ ಭಾಗಕ್ಕೆ ಮಾತ್ರ ಬೀಗ ಬೀಳುತ್ತದೆ, ಮೊದಲು ಹೇಳಿದ 400ನೇ ಸಾಲಿನ ಕಥೆ ಹುಟ್ಟುವುದು ಅಲ್ಲೇ. ಇಡೀ ಟ್ಯಾಬ್‌ಗೆ ಬೀಗ ಹಾಕಿ, "ಎಕ್ಸೆಪ್ಟ್ ಸರ್ಟನ್ ಸೆಲ್ಸ್" ಟಿಕ್ ಮಾಡಿ, ಗೋಡೌನ್‌ನವರು ತುಂಬುವ ಕಾಲಂ ಮಾತ್ರ ಬಿಟ್ಟುಕೊಡಿ. ಹೊಸ ಕಾಲಂ ಸೇರಿಸಿದರೂ ಅದು ತಾನಾಗಿ ಬೀಗದೊಳಗೇ ಇರುತ್ತದೆ.

ಆಮೇಲೆ "ಸೆಟ್ ಪರ್ಮಿಶನ್ಸ್". ಇಲ್ಲಿ ಎರಡು ಗುಂಡಿಗಳಿವೆ. "ಶೋ ಎ ವಾರ್ನಿಂಗ್" ಅಂದರೆ ಬರೀ ಎಚ್ಚರಿಕೆ. "ಓಕೆ" ಒತ್ತಿದರೆ ತಿದ್ದಬಹುದು. ಓಕೆ ಒತ್ತುವುದು ನಮ್ಮ ಬೆರಳಿಗೆ ಅಭ್ಯಾಸ ಅಲ್ವಾ? ಅದು ಬೀಗವೇ ಅಲ್ಲ. "ರಿಸ್ಟ್ರಿಕ್ಟ್" ಇರುವುದನ್ನು ಆರಿಸಿ. ಕೆಳಗೆ "ಓನ್ಲಿ ಯು" ಅಥವಾ "ಕಸ್ಟಮ್". ಕಸ್ಟಮ್ ಆರಿಸಿದರೆ ಎಡಿಟರ್‌ಗಳ ಹೆಸರೆಲ್ಲ ಬರುತ್ತದೆ. ಒಬ್ಬೊಬ್ಬರ ಟಿಕ್ ನೋಡಿ, ಬೇಡದವರದ್ದು ತೆಗೆಯಿರಿ. ನೋಡದೆ "ಡನ್" ಒತ್ತಿದರೆ ಟಿಕ್ ಆಗಿರುವವರೆಲ್ಲ ತಿದ್ದಬಹುದು, ನೀವು ಮಾತ್ರ ಬೀಗ ಹಾಕಿದ್ದೇನೆ ಅಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋಗಿರುತ್ತೀರಿ.

ಬಿಟ್ಟುಕೊಟ್ಟ ಕಾಲಂಗೂ ಒಂದು ಬೇಲಿ ಹಾಕಿ. "ಡೇಟಾ ವ್ಯಾಲಿಡೇಶನ್"ನಲ್ಲಿ ಅಂಕಿ ಮಾತ್ರ, ಸೊನ್ನೆಗಿಂತ ಕಡಿಮೆ ಬೇಡ, ತಪ್ಪಿದರೆ ತಿರಸ್ಕರಿಸು ಎಂದು ಹೇಳಿ. ಇಲ್ಲದಿದ್ದರೆ "12 ಚೀಲ" ಅಂತ ಅಕ್ಷರ ಸೇರಿಸಿ ಬರೆಯುತ್ತಾರೆ, ಕೆಳಗಿನ ಮೊತ್ತ ತಪ್ಪುತ್ತದೆ.

ಬೀಗ ಹಾಕಿದ ಟ್ಯಾಬ್‌ನಲ್ಲಿ ಉಳಿದವರಿಗೆ ಸಾಲು ಅಳಿಸಲು, ಪಟ್ಟಿ ವಿಂಗಡಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ "ಶೀಟ್ ಹಾಳಾಗಿದೆ" ಎಂದು ದೂರು ಬರುತ್ತದೆ. ಮತ್ತೆ, ಈ ಬೀಗ ಕೈತಪ್ಪು ತಡೆಯಲು. ಗುಟ್ಟು ಕಾಯಲು ಅಲ್ಲ. ನೋಡಬಲ್ಲವರು ನಕಲು ಮಾಡಿಕೊಂಡು ತಮ್ಮ ನಕಲಿನಲ್ಲಿ ಏನು ಬೇಕಾದರೂ ಮಾಡಬಹುದು. ಗುಟ್ಟಿಗೆ ಎರಡನೇ ಹಂತವೇ ಮದ್ದು.

## ಹಂತ 8: ವಿಂಗಡಿಸುವ ರೋಗ

ನನ್ನ ಕೈಯಲ್ಲೇ ಆದ ಒಂದು ಎಡವಟ್ಟು ಹೇಳುತ್ತೇನೆ. ಒಂದು ಅಂಗಡಿಯ ರೇಟ್ ಪಟ್ಟಿ. ನಾಲ್ವರು ಎಡಿಟರ್‌ಗಳು, ಬೀಗ ಇಲ್ಲ, ಹಾಕಬೇಕಾದವನು ನಾನೇ. ಬಿಲ್ಲಿಂಗ್‌ನವರೊಬ್ಬರು ಮಾಲಿನ ಹೆಸರಿನ ಕಾಲಂ ಮಾತ್ರ ಆರಿಸಿ "ಸಾರ್ಟ್ ರೇಂಜ್" ಒತ್ತಿದರು. ಹೆಸರುಗಳು ಅಕಾರಾದಿಯಾಗಿ ಜೋಡಣೆಯಾದವು, ರೇಟ್‌ಗಳು ಇದ್ದಲ್ಲೇ ಉಳಿದವು. ಪಿವಿಸಿ ಪೈಪಿಗೆ ಬಾಗಿಲ ಚಿಲಕದ ರೇಟ್. ಎರಡು ದಿನ ಬಿಲ್ ಹೋದ ಮೇಲೆ ಒಬ್ಬ ಗಿರಾಕಿ ಬಂದು ಹೇಳಿದಾಗ ಗೊತ್ತಾಯಿತು. ಕಡಿಮೆ ರೇಟ್ ಬಿದ್ದವರು ಯಾರೂ ಹೇಳಲು ಬರಲಿಲ್ಲ, ಬಿಡಿ.

ತಿದ್ದುವ ಹಕ್ಕು ಇರುವವರಿಗೆ "ಫಿಲ್ಟರ್ ವ್ಯೂ" ಕಲಿಸಿ. ಡೇಟಾ ಮೆನುವಿನಲ್ಲೇ ಇದೆ. ಅದರೊಳಗೆ ತಮಗೆ ಬೇಕಾದಂತೆ ವಿಂಗಡಿಸಿ ನೋಡಿಕೊಳ್ಳಬಹುದು, ಉಳಿದವರ ಪರದೆಯಲ್ಲಿ ಏನೂ ಕದಲುವುದಿಲ್ಲ.

## ಹಂತ 9: ಬೇರೆ ಕಣ್ಣಿನಿಂದ ಪರೀಕ್ಷೆ

ನಿಮ್ಮ ಖಾತೆಯಿಂದ ನೋಡಿದರೆ ಎಲ್ಲ ತೆರೆದೇ ಕಾಣುತ್ತದೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ ಕಿಟಕಿ (ನಿಮ್ಮ ಲಾಗಿನ್ ಇಲ್ಲದ್ದು) ತೆರೆಯಿರಿ. ಫೈಲಿನ ಲಿಂಕ್ ಹಾಕಿ. ಲಾಗಿನ್ ಕೇಳಬೇಕು. ನೇರ ಫೈಲ್ ತೆರೆದುಕೊಂಡರೆ ನಾಲ್ಕನೇ ಹಂತ ತಪ್ಪಿದೆ.

ಅದೇ ಕಿಟಕಿಯಲ್ಲಿ ಎರಡನೇ ಜಿಮೇಲ್‌ನಿಂದ ಲಾಗಿನ್ ಆಗಿ. ಪಟ್ಟಿಯಲ್ಲಿ ಇಲ್ಲದ್ದರಿಂದ ಅನುಮತಿ ಕೇಳಬೇಕು. ಈಗ ಆ ಐಡಿಗೆ ಎಡಿಟರ್ ಕೊಟ್ಟು ಬೀಗ ಹಾಕಿದ ಸೆಲ್‌ನಲ್ಲಿ ಬರೆಯಲು ನೋಡಿ, ಬಿಟ್ಟುಕೊಟ್ಟ ಸೆಲ್‌ನಲ್ಲೂ ನೋಡಿ. ಶೇರ್ ಒತ್ತಿ ಹೊಸಬರನ್ನು ಸೇರಿಸಲು ಆಗುತ್ತದೆಯೇ ನೋಡಿ. ಮುಗಿದ ಮೇಲೆ ಆ ಐಡಿ ತೆಗೆಯಲು ಮರೆಯಬೇಡಿ. ಪರೀಕ್ಷೆಗೆ ಸೇರಿಸಿದ ಭಾವಮೈದುನ ವರ್ಷಗಟ್ಟಲೆ ಸ್ಟಾಕ್ ಫೈಲಿನ ಎಡಿಟರ್ ಆಗಿ ಉಳಿದದ್ದನ್ನು ನೋಡಿದ್ದೇನೆ.

ಎಲ್ಲ ಸರಿ ಇದ್ದರೆ "ಫೈಲ್" ಮೆನು, "ವರ್ಷನ್ ಹಿಸ್ಟರಿ", "ನೇಮ್ ಕರೆಂಟ್ ವರ್ಷನ್". ದಿನಾಂಕ ಹಾಕಿ ಹೆಸರಿಡಿ. ನಾಳೆ ಏನಾದರೂ ಆದರೆ ಇದು ನಿಮ್ಮ ಗುರುತಿನ ಕಲ್ಲು.

## ಯಾರೋ ತಿದ್ದಿಬಿಟ್ಟರೆ

ಮೊದಲು ರಿಸ್ಟೋರ್ ಒತ್ತಬೇಡಿ. ಅದು ಇಡೀ ಫೈಲನ್ನು ಹಿಂದಕ್ಕೆ ಒಯ್ಯುತ್ತದೆ. ಬೆಳಿಗ್ಗೆಯಿಂದ ಉಳಿದವರು ಸರಿಯಾಗಿ ತುಂಬಿದ್ದೂ ಹೋಗುತ್ತದೆ. ಒಂದೆರಡು ಸೆಲ್ ಆದರೆ ಆ ಸೆಲ್ ಮೇಲೆ ಬಲಬಟನ್ ಒತ್ತಿ "ಶೋ ಎಡಿಟ್ ಹಿಸ್ಟರಿ" ನೋಡಿ. ಯಾರು, ಯಾವಾಗ, ಹಿಂದೆ ಏನಿತ್ತು ಎಂದು ತೋರಿಸುತ್ತದೆ. ಜಾಸ್ತಿ ಹಾಳಾಗಿದ್ದರೆ ವರ್ಷನ್ ಹಿಸ್ಟರಿ ತೆರೆದು, ಸರಿಯಿದ್ದ ಹೊತ್ತಿನ ಮುಂದಿನ ಮೂರು ಚುಕ್ಕೆ ಒತ್ತಿ "ಮೇಕ್ ಎ ಕಾಪಿ" ಮಾಡಿ. ಆ ನಕಲಿನಿಂದ ಬೇಕಾದ ಕಾಲಂ ಮಾತ್ರ ತಂದು ಅಂಟಿಸಿ.

ಕನ್ನಡ ಕಡತಗಳಲ್ಲಿ ಇನ್ನೊಂದು ಬಗೆಯ ಹಾಳು ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಡಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಒಳ್ಳೆಯ ಮನಸ್ಸಿನವರು ಯಾರೋ "ಕರಪ್ಟ್ ಆಗಿದೆ" ಅಂತ ಅಳಿಸಿ ಮತ್ತೆ ಟೈಪ್ ಮಾಡಲು ಕೂರುತ್ತಾರೆ. ಅಂಥ ಫೈಲನ್ನು ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಹಂಚಿ.

## ಎಕ್ಸೆಲ್ ಬಳಸುವವರಿಗೆ

ಒನ್‌ಡ್ರೈವ್‌ನಲ್ಲಿ ಇಟ್ಟ ಎಕ್ಸೆಲ್ ಫೈಲಿಗೂ ಕ್ರಮ ಇದೇ. ಶೇರ್ ಒತ್ತಿ, ಲಿಂಕ್ ಯಾರಿಗೆ ಎಂಬುದನ್ನು ಆಯ್ದ ಜನರಿಗೆ ಮಾತ್ರ ಎಂದು ಬದಲಿಸಿ, "ಕ್ಯಾನ್ ಎಡಿಟ್" ಅಥವಾ "ಕ್ಯಾನ್ ವ್ಯೂ" ನೋಡಿ ಕೊಡಿ.

ಬೀಗದಲ್ಲಿ ಮಾತ್ರ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಎಲ್ಲ ಸೆಲ್‌ಗಳೂ ಮೊದಲೇ "ಲಾಕ್ಡ್" ಆಗಿರುತ್ತವೆ, ಆದರೆ "ರಿವ್ಯೂ" ಮೆನುವಿನ "ಪ್ರೊಟೆಕ್ಟ್ ಶೀಟ್" ಒತ್ತುವವರೆಗೆ ಅದು ಜಾರಿಗೆ ಬರುವುದಿಲ್ಲ. ಹಾಗಾಗಿ ಮೊದಲು ಬಿಟ್ಟುಕೊಡಬೇಕಾದ ಸೆಲ್‌ಗಳನ್ನು ಆರಿಸಿ, "ಫಾರ್ಮ್ಯಾಟ್ ಸೆಲ್ಸ್"ನ "ಪ್ರೊಟೆಕ್ಷನ್" ಭಾಗದಲ್ಲಿ ಲಾಕ್ಡ್ ಟಿಕ್ ತೆಗೆಯಿರಿ. ಆಮೇಲೆ ಪ್ರೊಟೆಕ್ಟ್ ಶೀಟ್. ತಿರುಗಾಮುರುಗಾ ಮಾಡಿದರೆ ಯಾರಿಗೂ ಏನೂ ಬರೆಯಲು ಆಗುವುದಿಲ್ಲ.

ವಾಟ್ಸಾಪ್‌ನಲ್ಲಿ "ಸ್ಟಾಕ್ ಫೈನಲ್ 2 ಹೊಸದು" ಎಂಬ ಹೆಸರಲ್ಲಿ ಫೈಲ್ ಓಡಾಡುತ್ತಿದ್ದರೆ ಮಾತ್ರ ಯಾವ ಬೀಗವೂ ಕೆಲಸ ಮಾಡುವುದಿಲ್ಲ. ಮೊದಲು ಅದನ್ನು ನಿಲ್ಲಿಸಿ.

## ಕೆಲಸ ಬಿಟ್ಟುಹೋಗುವ ದಿನ

ಕೊನೆಯ ದಿನ ಸಂಜೆಯೇ ಮಾಡಿ, ಮುಂದಿನ ವಾರಕ್ಕೆ ಇಡಬೇಡಿ. ಡ್ರೈವ್‌ನ ಹುಡುಕು ಪಟ್ಟಿಯ ಬಲತುದಿಯ ಗುರುತು ಒತ್ತಿದರೆ ವಿವರವಾದ ಹುಡುಕಾಟ ತೆರೆಯುತ್ತದೆ. ಅಲ್ಲಿ ಯಾರಿಗೆ ಹಂಚಿದ್ದು ಎಂಬ ಜಾಗದಲ್ಲಿ ಅವರ ಐಡಿ ಹಾಕಿ. ನೀವು ಅವರಿಗೆ ಕೊಟ್ಟ ಫೈಲುಗಳ ಪಟ್ಟಿ ಬರುತ್ತದೆ. ಒಂದೊಂದರಲ್ಲೂ ಹೆಸರು ತೆಗೆಯಿರಿ, ಫೋಲ್ಡರ್‌ಗಳಲ್ಲೂ. ಮಾಲೀಕ ಹುಡುಕಾಟದಲ್ಲಿ ಅವರ ಐಡಿ ಹಾಕಿ ಅವರದ್ದೇ ಹೆಸರಲ್ಲಿ ಇರುವ ಫೈಲ್‌ಗಳನ್ನು ಹುಡುಕಿ, ಅವರು ಎದುರಿಗೇ ಇರುವಾಗ ಮಾಲೀಕತ್ವ ಬದಲಾಯಿಸಿಕೊಳ್ಳಿ. ಹೋದ ಮೇಲೆ ಫೋನ್ ಎತ್ತುವುದಿಲ್ಲ, ಎತ್ತಬೇಕೆಂಬ ನಿಯಮವೂ ಇಲ್ಲ.

ವರ್ಕ್‌ಸ್ಪೇಸ್ ಖಾತೆಯಾದರೆ, ಅದನ್ನು ಅಳಿಸುವ ಮುಂಚೆ ಫೈಲುಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಿ. ಮರೆತು ಅಳಿಸಿದರೆ ಖಾತೆ ವಾಪಸ್ ತರಲು 20 ದಿನ ಮಾತ್ರ ಸಮಯ.

## ಈ ಲಕ್ಷಣ ಕಂಡರೆ

ಎಡಿಟರ್‌ಗಳ ಪಟ್ಟಿ ನೋಡಲು ಕೆಳಗೆ ಸರಿಸಬೇಕಾಗಿ ಬಂದರೆ ಐದನೇ ಹಂತ ಮತ್ತೆ ಮಾಡಿ. ಗುರುತಿಲ್ಲದ ಐಡಿ ಕಂಡರೆ ಯಾರು ಸೇರಿಸಿದರು ಎಂದು ಕೇಳಿ, ಹಲ್ಲುಚಕ್ರದ ಟಿಕ್ ಮತ್ತೆ ನೋಡಿ. "ಕಾಪಿ ಆಫ್" ಎಂದು ಶುರುವಾಗುವ ಫೈಲಿನಿಂದ ಯಾರಾದರೂ ಅಂಕಿ ಓದಿ ಹೇಳುತ್ತಿದ್ದರೆ ಅವರಿಗೆ ನಿಜವಾಗಿ ಬೇಕಾದ ಹಕ್ಕು ನೀವು ಕೊಟ್ಟಿಲ್ಲ, ಅದಕ್ಕೇ ನಕಲು ಮಾಡಿಕೊಂಡಿದ್ದಾರೆ. ಬೈಯಬೇಡಿ, ಕೇಳಿ, ಕೊಡಿ.

ಇನ್ನೊಂದು ಲಕ್ಷಣ ಪರದೆಯ ಮೇಲಿನ ಮೂಲೆಯಲ್ಲೇ ಕಾಣುತ್ತದೆ. ಆಫೀಸಿನವರ ಹೆಸರಿನ ಬದಲು ಅಲ್ಲಿ "ಅನಾನಿಮಸ್" ಎಂಬ ಮಾತಿನ ಜೊತೆ ಒಂದು ಪ್ರಾಣಿಯ ಹೆಸರು, ಚಿತ್ರ. ತಮಾಷೆಯಾಗಿರುತ್ತದೆ, ಹುಡುಗರು ನಗುತ್ತಾರೆ. ಅದರ ಅರ್ಥ ಲಿಂಕ್ ತೆರೆದಿದೆ, ಹೆಸರು ಹೇಳದ ಯಾರೋ ಈ ಹೊತ್ತಿನಲ್ಲಿ ಒಳಗೆ ಕೂತಿದ್ದಾರೆ. ನಗು ಮುಗಿಸಿ ನಾಲ್ಕನೇ ಹಂತಕ್ಕೆ ಹೋಗಿ.